ನಾನು ಹಿಡಿಯದ ಶೀಲ

ಹುಣಸೆಹಣ್ಣು ಒಡೆಯಲು ಕುಳಿತಿದ್ದೆ. ಒಂದು ಚೀಲ ಹಣ್ಣು ಪಡಸಾಲೆಯಲ್ಲಿ ಸುರುವಿಕೊಂಡು, ಕಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಹೊಡೆದು ಬೀಜ ಬೇರೆ, ನಾರು ಬೇರೆ ಮಾಡುತ್ತಿದ್ದೆ. ಎದುರಿಗೆ ಪಕ್ಕದ ಮುಸಲ್ಮಾನರ ಮನೆಯ ಬೂಬು ಕುಳಿತಿದ್ದಳು. ಅವರದು ಬಳೆ ವ್ಯಾಪಾರ. ವರ್ಷಾವರ್ಷ ನಾವಿಬ್ಬರೂ ಸೇರಿಯೇ ಹುಣಸೆಹಣ್ಣು ಒಡೆಯುತ್ತೇವೆ, ಒಂದು ದಿನ ನಮ್ಮದು, ಮರುದಿನ ಅವರದು. ಅಷ್ಟರಲ್ಲಿ ಫೋನು ಬಂತು. ನನ್ನ ಕೈಯೆಲ್ಲ ಅಂಟು. ಬೂಬುವೇ ಬೆರಳು ಸೆರಗಿಗೆ ಒರೆಸಿಕೊಂಡು ಫೋನು ಎತ್ತಿ, ಸ್ಪೀಕರ್ ಹಾಕಿ, ನಡುವೆ ನೆಲದ ಮೇಲಿಟ್ಟಳು. ಹಾಗಾಗಿ ಮಗಳು ಹೇಳಿದ್ದೆಲ್ಲವನ್ನೂ ಅವಳೂ ಕೇಳಿದಳು.

ಮಗಳನ್ನು ಉಮದಿಗೆ ಕೊಟ್ಟಿದ್ದೇವೆ. ಆಗ ಅವಳು ಬಸುರಿ, ಏಳು ತಿಂಗಳು ತುಂಬಿ ಕುಬಸದ, ಅಂದರೆ ಸೀಮಂತದ, ಹೊತ್ತಾಗಿತ್ತು.

"ಅವ್ವಾ, ಮುಂದಿನ ಸೋಮವಾರ ಕುಬಸ ಹಿಡದಾರ."

"ಚಲೋ ಆತಲ್ಲ. ಹಸರ ಸೀರಿ ನಾ ಆಗಲೇ ತಂದ ಇಟ್ಟೇನಿ."

"ಸೀರಿ ಅಪ್ಪನ ಕೈಲೆ ಕಳಸು. ನಿನ್ನ ಕರಿಯೂದು ಬ್ಯಾಡ ಅಂದ್ರು ಅತ್ತಿ. ಉಡಿ ಚಿಗವ್ವ ತುಂಬ್ತಾಳಂತ."

ನಾನು ಸುತ್ತಿಗೆ ಕೆಳಗಿಟ್ಟೆ.

"ನಿಮ್ಮವ್ವ ನಮ್ಮ ಮನ್ಯಾಗ ನೀರ ಸೈತ ಮುಟ್ಟೂದಿಲ್ಲ, ಸುಮ್ಮ ಕರದು ಆಕಿ ಶೀಲ ನಾವ್ಯಾಕ ಕೆಡಸೂದು ಅಂದ್ರು. ನಾ ಏನ ಹೇಳ್ಲಿ? ಮಂದಿ ಕೇಳಿದ್ರ ಏನ ಹೇಳ್ಲಿ?" ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ಫೋನು ಇಟ್ಟಳು.

ಬೂಬು ನನ್ನನ್ನೇ ನೋಡಿದಳು. "ಶೀಲಾ? ನೀನಾ? ನಿನ್ನಿ ನಮ್ಮ ಮನ್ಯಾಗ ಚಾ ಕುಡದಿ, ಆ ಬಶಿ ಇನ್ನೂ ತೊಳದಿಲ್ಲ ನಾ."

ನಾನು ತಲೆ ತಗ್ಗಿಸಿ ಬೀಜ ಆರಿಸಿದೆ. ಅವಳಿಗೆ ಎಲ್ಲ ಗೊತ್ತಿತ್ತು, ಶೀಲದ ಸುಳ್ಳೊಂದನ್ನು ಬಿಟ್ಟು. ನಮ್ಮ ಎರಡೂ ಮನೆಗಳ ನಡುವೆ ಇರುವುದು ಎದೆಮಟ್ಟದ ಗೋಡೆ. ನಾನು ದಿನಕ್ಕೆ ಎಷ್ಟು ಸಲ ತಂಬಿಗೆ ಹಿಡಿದು ಹಿತ್ತಲಿಗೆ ಓಡುತ್ತೇನೆಂದು ನನಗಿಂತ ಚೆನ್ನಾಗಿ ಅವಳು ಬಲ್ಲಳು.

ಓದುವವರಿಗೆ ಶೀಲ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಕೆಲವರು ಶೀಲ ಹಿಡಿಯುತ್ತಾರೆ. ಹಿಡಿದವರು ಕೊರಳಲ್ಲಿ ಲಿಂಗ ಕಟ್ಟದವರ ಮನೆಯಲ್ಲಿ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ನನ್ನ ಅಜ್ಜಿ ಹಿಡಿದಿದ್ದಳು. ಊರಿಗೆ ಹೊರಟರೆ ತನ್ನ ನೀರಿನ ತಂಬಿಗೆ, ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಹಿಡಿದವಳಲ್ಲ. ದಿನಾ ಮುಂಜಾನೆ ಲಿಂಗಪೂಜೆ ಮಾಡುತ್ತೇನೆ, ವಿಭೂತಿ ಹಚ್ಚುತ್ತೇನೆ, ಅಷ್ಟೇ. ಆದರೆ ಹಿಡಿದಿದ್ದೇನೆಂದು ಬೀಗರ ಮನೆಯಲ್ಲಿ, ಊಟಕ್ಕೆ ಕುಳಿತ ಮಂದಿಯ ಎದುರು ಹೇಳಿಬಿಟ್ಟಿದ್ದೆ.

ಅದಕ್ಕೆ ಕಾರಣ ನನ್ನ ಹೊಟ್ಟೆ.

ಹಿಂದಿನ ಶ್ರಾವಣದಲ್ಲಿ ಮಿರಜದಲ್ಲಿ ನನ್ನ ಪಿತ್ತದ ಚೀಲ ತೆಗೆದರು. ಅದರ ತುಂಬ ಹರಳು. ದುರ್ಬೀನಿನ ಆಪರೇಷನ್, ಹೊಟ್ಟೆಯ ಮೇಲೆ ನಾಲ್ಕೇ ಸಣ್ಣ ಗಾಯ. ಮೂರನೆಯ ದಿನ ಮನೆಗೆ ಬಂದೆ. ಬಲಪಕ್ಕೆಯಲ್ಲಿ ಎದ್ದು ಬೆನ್ನಿಗೆ ಹೋಗುತ್ತಿದ್ದ ಆ ನೋವು ಮತ್ತೆ ಬರಲಿಲ್ಲ. ಅದನ್ನು ನಾನು ಶಿವನ ದಯೆ ಎಂದೇ ಎಣಿಸಿದ್ದೇನೆ, ಇಂದಿಗೂ ಎಣಿಸುತ್ತೇನೆ.

ಆದರೆ ಬೇರೊಂದು ಶುರುವಾಯಿತು. ಉಂಡು ಕೈ ತೊಳೆಯುವುದರೊಳಗೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ತಡೆದೇನೆಂದರೆ ತಡೆಯುವಂಥದಲ್ಲ. ಹಳದಿ ನೀರು, ಸುಟ್ಟ ಹಾಗೆ ಉರಿ. ಎಣ್ಣೆ, ತುಪ್ಪ, ಶೇಂಗಾ ಏನೇ ಮುಟ್ಟಿದರೂ ಅರ್ಧ ತಾಸಿನಲ್ಲಿ ಎರಡು ಮೂರು ಸಲ. ಉಳಿದ ಹೊತ್ತು ಹುಳಿತೇಗು, ಪಕ್ಕೆ ಬಿಗಿತ. ಹದಿನೈದು ದಿನದಲ್ಲಿ ಹೋಗುತ್ತದೆ ಎಂದುಕೊಂಡೆ. ದೀಪಾವಳಿ ಬಂದರೂ ಹೋಗಲಿಲ್ಲ.

ಡಾಕ್ಟರರಿಗೆ ಹೇಳಬಹುದಿತ್ತು. ತೋರಿಸಿಕೊಳ್ಳಲು ಹೋದಾಗ ಅವರು ಮರಾಠಿಯಲ್ಲಿ ಸ್ಪಷ್ಟವಾಗಿಯೇ ಕೇಳಿದರು, ಸಂಡಾಸ ಸರಿಯಾಗಿ ಆಗುತ್ತದೆಯೇ ಎಂದು. ಪಕ್ಕದಲ್ಲಿ ನನ್ನ ಮೈದುನ ಆಸ್ಪತ್ರೆಯ ಕಾಗದಗಳ ಚೀಲ ಹಿಡಿದು ನಿಂತಿದ್ದ. ನಾನು ಎತ್ತಿ ಆಡಿಸಿದ ಹುಡುಗ ಅವನು, ಈಗ ಮೀಸೆ ನರೆತಿದೆ. ಅವನೆದುರು ಆ ಮಾತು ಹೇಗೆ ಆಡಲಿ? "ಚಲೋ ಐತ್ರಿ" ಎಂದೆ. ಡಾಕ್ಟರರು ಚಲೋ ಎಂದು ಬರೆದುಕೊಂಡರು. ತಪ್ಪು ಅವರದಲ್ಲ.

ಅದರ ಹಿಂದೆಯೇ ಬಸ್ಸಿನ ಸಂಗತಿ ನಡೆಯಿತು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯದಿದ್ದರೆ ಮುಂದಿನದು ತಿಳಿಯದು. ಜತ್ತದ ಸಂತೆ ಮುಗಿಸಿಕೊಂಡು ಊರಿಗೆ ಬರುತ್ತಿದ್ದೆ. ಹಸಿವು ತಾಳದೆ ಎರಡು ಭಜಿ ತಿಂದಿದ್ದೆ. ನಮ್ಮೂರು ಮುಚ್ಚಂಡಿ ಇನ್ನೂ ಎರಡು ಮೈಲು ಇರುವಾಗ ಹೊಟ್ಟೆ ಎದ್ದಿತು. ಕಂಡಕ್ಟರನ ಬಳಿ ಹೋಗಿ ನಿಲ್ಲಿಸಪ್ಪಾ ಎಂದೆ. "ಮಾವಶಿ, ಇಥಂ ಸ್ಟಾಪ್ ನಾಹಿ" ಎಂದ, ಇಲ್ಲಿ ಸ್ಟಾಪ್ ಇಲ್ಲವೆಂದು. ಅವನಿಗೇನು ಗೊತ್ತು. ನನ್ನ ಮುಖ ನೋಡಿ ಗಂಟೆ ಹೊಡೆದ, ಆದರೆ ಬಸ್ಸು ನಿಲ್ಲುವುದರೊಳಗೆ ಆಗಬಾರದ್ದು ಆಗಿಹೋಗಿತ್ತು. ಇಳಿದೆ. ಕಟಾವಾದ ಹೊಲ, ಮರೆಗೆ ಒಂದು ಬೇಲಿಯೂ ಇರಲಿಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ನನ್ನ ಸಂತೆಯ ಚೀಲವನ್ನು ಕಿಟಕಿಯಿಂದ ಇಳಿಸಿಕೊಟ್ಟಳು, ಒಂದು ಮಾತೂ ಆಡದೆ. ನಾನು ಉಟ್ಟದ್ದು ಕಪ್ಪು ಚಂದ್ರಕಾಳಿ ಸೀರೆ. ಬಸ್ಸಿನಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲ. ಆ ಎರಡು ದಯೆಗಳನ್ನು ಎಣಿಸುತ್ತ ಎರಡು ಮೈಲು ನಡೆದು ಮನೆ ಮುಟ್ಟಿದೆ.

ಇದಾಗಿ ಎಂಟು ದಿನಕ್ಕೆ ಬೀಗರ ಹೊಸ ಮನೆಯ ವಾಸ್ತುಶಾಂತಿ. ಹೋಗದಿರಲು ಸಾಧ್ಯವೇ? ಹೋದೆ. ಹೋದವಳು ಮೊದಲು ನೋಡಿದ್ದು ದೇವರ ಕಟ್ಟೆಯನ್ನಲ್ಲ, ಸಂಡಾಸನ್ನು. ಅಂಗಳದ ಮುಂದಿನ ಮೂಲೆಯಲ್ಲಿ ಕಟ್ಟಿದ್ದರು. ತಗಡಿನ ಬಾಗಿಲು. ಅದರೆದುರಿಗೇ ಜಮಖಾನ ಹಾಸಿ ಗಂಡಸರೆಲ್ಲ ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ಯಾರಾದರೂ ಒಳಗೆ ಹೋದರೆ ಬಾಗಿಲು ಕಿರ್ರ್ ಎನ್ನುತ್ತಿತ್ತು, ಇಪ್ಪತ್ತು ತಲೆ ಒಮ್ಮೆಲೇ ತಿರುಗುತ್ತಿದ್ದವು.

ಪಂಕ್ತಿಗೆ ಕೂಡಿಸಿದರು. ಬೀಗತಿ, ಮಗಳ ಅತ್ತೆ, ತಾನೇ ಹೋಳಿಗೆ ತಂದು, ತುಪ್ಪದ ಬಟ್ಟಲು ಹಿಡಿದು ನಿಂತಳು. ನನ್ನ ಕಣ್ಣ ಮುಂದೆ ಬಸ್ಸು ಬಂತು, ಆ ಹೊಲ ಬಂತು. "ಬ್ಯಾಡ್ರಿ" ಎಂದೆ. "ಅದ್ಯಾಕ್ರಿ, ಒಂದ ಹೋಳಿಗಿ" ಎಂದಳು. "ಬ್ಯಾಡ್ರಿ, ನಾ ಶೀಲ ಹಿಡದೇನ್ರಿ" ಎಂದು ಬಾಯಿಂದ ಬಂದುಬಿಟ್ಟಿತು. ಎದೆಯ ಮೇಲೆ ಲಿಂಗವಿತ್ತು. ಆ ಸುಳ್ಳು ಅದರ ಮೇಲಿನಿಂದಲೇ ಹಾದುಹೋಯಿತು.

ಹೊಟ್ಟೆ ಕೆಟ್ಟಿದೆ ಎಂದಿದ್ದರೆ ಸಾಕಾಗಿತ್ತು. ಆದರೆ ಹೊಟ್ಟೆ ಕೆಟ್ಟಿದೆ ಎಂದರೆ ಏನಾಗಿದೆ, ಎಷ್ಟು ದಿನದಿಂದ ಎಂದು ಹತ್ತು ಹೆಂಗಸರು ಕೇಳುತ್ತಾರೆ. ಶೀಲ ಎಂದರೆ ಯಾರೂ ಕೇಳುವುದಿಲ್ಲ, ಕೈಮುಗಿಯುತ್ತಾರೆ. ಇಷ್ಟೇ ನನ್ನ ತಲೆಗೆ ಹೊಳೆದದ್ದು. ಬೀಗರ ಮನೆಯ ಗಂಡಸರು ಯಾರೂ ಲಿಂಗ ಕಟ್ಟುವುದಿಲ್ಲ ಎಂಬುದು ಹೊಳೆಯಲಿಲ್ಲ. ಬೀಗತಿಯ ಕೈ ತುಪ್ಪದ ಬಟ್ಟಲ ಮೇಲೆ ನಿಂತೇಬಿಟ್ಟಿತು. ಬೀಗರು, ಅಂದರೆ ಮಗಳ ಮಾವ, ಎರಡನೆಯ ಸಾಲಿನಲ್ಲಿ ಬಡಿಸುತ್ತಿದ್ದವರು ನೆಟ್ಟಗೆ ನಿಂತು ನನ್ನ ಕಡೆ ನೋಡಿ, ಅಂಗಿಯ ಗುಂಡಿ ಮುಟ್ಟಿಕೊಂಡು, ಹೊರಗೆ ಹೋದರು.

ದಾರಿಯಲ್ಲಿ ನನ್ನ ಯಜಮಾನರು ಕೇಳಿದರು, "ಶೀಲ ಯಾವಾಗ ಹಿಡದಿ?"

"ಈಗ."

"ನನಗರೆ ಹೇಳಬೇಕಾಗಿತ್ತು. ನಾ ಅಲ್ಲಿ ಎರಡ ಹೋಳಿಗಿ ತಿಂದೇನಿ." ಮತ್ತೆ ಅವರು ಆ ಮಾತೆತ್ತಲಿಲ್ಲ. ಅವರ ಸ್ವಭಾವವೇ ಹಾಗೆ, ಅದೂ ಒಂದು ದಯೆ.

ಇದೆಲ್ಲವನ್ನೂ ಹುಣಸೆಹಣ್ಣಿನ ಮುಂದೆ ಕುಳಿತು ಬೂಬುವಿಗೆ ಹೇಳಿದೆ. ಅವಳು ನಗಬಹುದೆಂದುಕೊಂಡಿದ್ದೆ, ನಗಲಿಲ್ಲ. "ಅಕ್ಕಾ, ಪೋರಿ ಅಲ್ಲಿ ದಿನಾ ಆ ಮಾತ ತಿಂತೈತಿ. ನೀ ಇಲ್ಲಿ ಕುಂತು ನಾಚಿಕಿ ಕಾಯ್ಕೊಂತಿ" ಎಂದಳು. ಸುತ್ತಿಗೆ ಎತ್ತಿ ನನ್ನ ಕೈಗೆ ಕೊಟ್ಟು, "ಹೋಗಿ ಹೇಳು. ಹಸರ ಬಳಿ ನಾ ಕೊಡ್ತೀನಿ, ಚಿಗವ್ವನ ಕೈಯಾಗಲ್ಲ, ನಿನ್ನ ಕೈಯಾಗ" ಎಂದಳು.

ಮರುದಿನ ಉಮದಿಯ ಬಸ್ಸು ಹಿಡಿದೆ. ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಬಸ್ಸಿನ ಭಯಕ್ಕೆ ಉಪವಾಸ. ನೋಡಿದವರಿಗೆ ವ್ರತ ಮಾಡಿದವಳಂತೆಯೇ ಕಂಡಿರಬೇಕು, ಬಾಡಿದ ಮುಖ, ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಕುಳಿತ ಹೆಂಗಸು ಸೀಟಿನಲ್ಲಿ ಸರಿದು ಜಾಗ ಕೊಟ್ಟು, "ಬರ್ರಿ ಅವ್ವಾರ, ಅರಾಮ ಕುಂದ್ರಿ" ಎಂದಳು. ಆ ಮರ್ಯಾದೆ ಮೈಗೆ ಚುಚ್ಚಿತು.

ಬೀಗತಿ ಹಿಂದಿನ ಪಡಸಾಲೆಯಲ್ಲಿ ಕುಬಸದ ಅಕ್ಕಿ ಹಸನು ಮಾಡುತ್ತಿದ್ದಳು. ಮಗಳು ಒಳಗೆ ಮಲಗಿದ್ದಳು. ನನ್ನನ್ನು ನೋಡಿ ಬೀಗತಿ ಮೊರ ಕೆಳಗಿಟ್ಟಳು, ಏಳಲಿಲ್ಲ.

"ಬರ್ರಿ. ಕುಂದ್ರಿ. ಚಾಪಿ ನಮ್ಮದೈತಿ, ನಡೀತೈತೋ ಇಲ್ಲೋ."

ಕುಳಿತೆ.

"ನೀರ ಕೊಡ್ಲೋ ಬ್ಯಾಡೋ? ಕೇಳಿ ಕೊಡೂದು ಚಲೋ, ನಿಮ್ಮಂತಾವರಿಗೆ."

"ಕೊಡ್ರಿ" ಎಂದೆ.

ಅವಳು ನನ್ನ ಮುಖ ನೋಡಿ, ಎದ್ದು ಹೋಗಿ ತಂಬಿಗೆ ತಂದಳು. ಪೂರ್ತಿ ಕುಡಿದೆ. ಖಾಲಿ ತಂಬಿಗೆಯನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡು ಹೇಳಿದೆ. ಮಿರಜದಿಂದ ಹಿಡಿದು ಭಜಿ, ಬಸ್ಸು, ತಗಡಿನ ಬಾಗಿಲು, ಜಮಖಾನ, ಎಲ್ಲ. ಅವಳ ಮುಖ ನೋಡದೆ, ಅಕ್ಕಿಯನ್ನು ನೋಡುತ್ತ ಹೇಳಿದೆ.

ಅವಳು ಮೆಲ್ಲಗೆ ಕೇಳಿದಳು, "ಅಲ್ರೀ, ಸಂಡಾಸಕ್ಕ ಹೋಗೂ ಸಲುವಾಗಿ ದೇವರನ್ನ ಅಡ್ಡ ಹಿಡದ್ರೇನ್ರಿ?"

ಹೂಂ ಎಂದೆ. ಅದಕ್ಕಿಂತ ನೆಟ್ಟಗೆ ನನ್ನ ತಪ್ಪನ್ನು ನಾನೂ ಹೇಳಿಕೊಂಡಿರಲಿಲ್ಲ.

"ನಾ ಮೂರ ಹಡದೇನಿ. ಸೀನ ಬಂದ್ರ ಸೀರಿ ತೊಯ್ತೈತಿ. ನಾ ಯಾವ ದೇವರ ಹೆಸರ ಹೇಳ್ಲಿ?"

ನನಗೆ ನಗು ಬಂತು, ಅದರ ಜೊತೆಗೆ ಅಳುವೂ. ಅವಳು ನಗಲಿಲ್ಲ. ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ನೀವು ಹೇಳಿ ಹೋದ್ರಿ. ಇಲ್ಲಿ ಏನಾತು ಕೇಳ್ರಿ. ನಮ್ಮ ಭಾವಕಿ ಮಂದಿ, ಅಣ್ಣತಮ್ಮರ ಮನಿಯಾವರೆಲ್ಲಾ, ಬೀಗತಿ ಇವರ ಮನ್ಯಾಗ ಉಣ್ಣಲಿಲ್ಲ, ಇವರು ಲಿಂಗ ಬಿಟ್ಟಾವರು ಅಂತ ಆಡಿದ್ರು. ನಿಮ್ಮ ಬೀಗರು ಮೂರ ದಿನ ಮಾತಾಡ್ಲಿಲ್ಲ. ನಾಕನೇ ದಿನ ಅಯ್ಯನವರನ್ನ ಕರಸಿ ಲಿಂಗ ಕಟ್ಟಿಸ್ಕೊಂಡ್ರು. ಮೂವತ್ತ ವರ್ಷದ ಹಿಂದ ಬಿಟ್ಟಿದ್ರು. ಈಗ ಮುಂಜಾನೆದ್ದು ಜಳಕಾ ಮಾಡಿ ಪೂಜಾ ಆಗೂತನಕ ಚಾ ಇಲ್ಲ. ತಂಬಾಕಾ ಬಿಟ್ಟಾರ."

"ಅವರ ಮುಂದೂ ಹೇಳ್ತೇನ್ರಿ. ಕಾಲ ಬೀಳ್ತೇನಿ" ಎಂದೆ.

"ಬ್ಯಾಡ" ಎಂದಳು ತಟ್ಟನೆ. "ಸುಳ್ಳಿಗೆ ಕಟ್ಟಿದ್ದು ಅಂತ ಗೊತ್ತಾದ್ರ ಬಿಚ್ಚಿ ಒಗೀತಾರ. ತಂಬಾಕಾ ಮತ್ತ ಹಿಡೀತಾರ. ಹೇಳಬ್ಯಾಡ್ರಿ. ನನಗ ಹೇಳಿದ್ರಿ, ಸಾಕು." ನಾಲ್ಕು ಕಾಳು ಆರಿಸಿ ಎಸೆದು, "ಸೋಮವಾರ ಬರ್ರಿ. ಉಡಿ ನೀವ ತುಂಬ್ರಿ. ಆಮ್ಯಾಲೆ ಪಂಕ್ತಿಯಾಗ ಕುಂತು ಉಣಬೇಕು. ಎಲ್ಲಾರೂ ನೋಡಬೇಕು. ಉಂಡಿಂದ ಏನಾಕ್ಕೈತೋ ಅದನ್ನ ನಾ ನೋಡ್ಕೊಂತೀನಿ" ಎಂದಳು.

ಸೋಮವಾರ ಹೋದೆವು. ಮಗಳನ್ನು ಹಸಿರು ಸೀರೆಯಲ್ಲಿ ಕೂಡಿಸಿ, ಬೂಬು ಕೊಟ್ಟ ಬಳೆ ಇಟ್ಟು, ಉಡಿ ತುಂಬಿದೆ. ಮಗಳು ನನ್ನ ಬೆರಳನ್ನು ಉಡಿಯೊಳಗೇ ಒತ್ತಿ ಹಿಡಿದಳು. ಬೀಗತಿ ಅವಳಿಗೆ ಎಲ್ಲ ಹೇಳಿದ್ದಳೆಂದು ತೋರುತ್ತದೆ.

ಪಂಕ್ತಿಗೆ ಕುಳಿತಾಗ ಬೀಗರೇ ಬಂದರು. ಬಿಳಿ ಅಂಗಿಯ ಮೇಲೆ ಲಿಂಗದ ಹೊಸ ಬೆಳ್ಳಿಯ ಕರಡಿಗೆ ಹೊಳೆಯುತ್ತಿತ್ತು. ಒಳಗೆ ಇಟ್ಟುಕೊಳ್ಳುವುದನ್ನು ಅಂದು ಹೊರಗೆ ಹಾಕಿದ್ದರು. ಕೈಯಲ್ಲಿ ತುಪ್ಪದ ಬಟ್ಟಲು.

"ಈಗ ಉಣ್ಣಾಕ ಅಡ್ಡಿ ಇಲ್ಲಲ್ರಿ ಬೀಗರ? ನಾವೂ ಕಟ್ಟೇವಿ."

ಪಂಕ್ತಿಯೆಲ್ಲ ಕೇಳಲಿ ಎಂದೇ ದೊಡ್ಡದಾಗಿ ಅಂದರು. ಹೆಮ್ಮೆಯಿಂದ ಅವರ ಮುಖ ಎಳೆಯ ಹುಡುಗನದರಂತೆ ಕಂಡಿತು. "ಇಲ್ರಿ" ಎಂದೆ. ಎರಡು ಚಮಚ ತುಪ್ಪ ಹಾಕಿದರು. ಹೋಳಿಗೆ ಮುರಿದು ಬಾಯಿಗಿಟ್ಟೆ. ಅದರ ರುಚಿ ಏನಿತ್ತೋ ನನಗೆ ನೆನಪಿಲ್ಲ. ಅವರು ನಿಂತು ನೋಡುತ್ತಿದ್ದದ್ದು ನೆನಪಿದೆ. ಒಂದು ತುತ್ತೂ ಬಿಡದೆ ಉಂಡೆ.

ಕೈ ತೊಳೆಯುವ ಹೊತ್ತಿಗೆ ಬಂತು. ತಲೆಯೆತ್ತಿ ನೋಡಿದರೆ ಅಂಗಳದ ಮುಂದಿನ ಮೂಲೆ ಬರಿದಾಗಿತ್ತು. ಜಮಖಾನವನ್ನು ಬೀಗತಿ ಬೆಳಿಗ್ಗೆಯೇ ಮನೆಯ ಹಿಂದಕ್ಕೆ, ಬೇವಿನ ನೆರಳಿಗೆ ಹಾಕಿಸಿದ್ದಳು. ಬಾಗಿಲಿನ ತಿರುಗಣಿಗೆ ಎಣ್ಣೆ ಬಿದ್ದಿತ್ತು. ಒಳಗೆ ಎರಡು ಬಕೆಟ್ ತುಂಬಿದ ನೀರು. ನಾನು ಒಳಗಿದ್ದಷ್ಟು ಹೊತ್ತೂ ಹೊರಗೆ ಕಸಬರಿಗೆಯ ಸದ್ದು ಕೇಳಿಸುತ್ತಿತ್ತು. ಅವಳು ಕಸ ಗುಡಿಸುತ್ತ ನಿಂತಿದ್ದಳು.

"ಮಂದಿ ಉಣ್ಣೂಮುಂದ ಯಾಕ ಕಸಾ ಹೊಡೀತೀಯ?" ಎಂದು ಯಾರೋ ಗಂಡಸು ಕೇಳಿದ.

"ನಿಮ್ಮ ಎಲಿ ಮ್ಯಾಲೆ ಏನ ಹೊಡ್ಯಾಕತ್ತಿಲ್ಲ. ಆ ಕಡಿ ನಡೀರಿ, ಧೂಳ ಬರ್ತೈತಿ" ಎಂದಳು.

ಬಾಗಿಲ ಹಿಂದೆ ಕುಳಿತು ನಾನು ಅತ್ತೆ. ನನ್ನಂಥವಳಿಗಾಗಿ ಶುಭಕಾರ್ಯದ ಮನೆಯಲ್ಲಿ ಊಟದ ಹೊತ್ತಿನಲ್ಲಿ ಕಸಬರಿಗೆ ಹಿಡಿದ ಹೆಂಗಸು ಅವಳು.

ಅವಳ ಒತ್ತಾಯಕ್ಕೆ ಜತ್ತದ ಡಾಕ್ಟರರ ಬಳಿ ಹೋಗಿ ಎಲ್ಲ ಹೇಳಿದೆ. ಯಜಮಾನರನ್ನು ಹೊರಗೆ ಕೂಡಿಸಿ, ಒಬ್ಬಳೇ. ಡಾಕ್ಟರರಿಗೆ ಆಶ್ಚರ್ಯವೇ ಆಗಲಿಲ್ಲ. ಪಿತ್ತ ಕೂಡಿಟ್ಟುಕೊಳ್ಳಲು ಚೀಲವಿಲ್ಲದೆ ನೆಟ್ಟಗೆ ಕರುಳಿಗೆ ಇಳಿಯುತ್ತದೆ, ಕೆಲವರಿಗೆ ಹೀಗೆ ಉಳಿದುಬಿಡುತ್ತದೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರು. ತಪಾಸಣೆ ಮಾಡಿಸಿ, ನೀರಿನಲ್ಲಿ ಕದಡಿ ಕುಡಿಯುವ ಪುಡಿ ಬರೆದುಕೊಟ್ಟರು. ಮರಳು ಕುಡಿದ ಹಾಗೆ ಇರುತ್ತದೆ. ಎಣ್ಣೆ ಕಡಿಮೆ ಮಾಡಿ ಸ್ವಲ್ಪ ಸ್ವಲ್ಪ ಉಣ್ಣುತ್ತೇನೆ. ದಿನಕ್ಕೆ ಏಳು ಸಲ ಇದ್ದದ್ದು ಈಗ ಎರಡು ಮೂರಕ್ಕೆ ಬಂದಿದೆ. ಒಮ್ಮೊಮ್ಮೆ ಹಳೆಯದೇ ಕಾಟ. ಪೂರ್ತಿ ಹೋಗಿಲ್ಲ. ತಡೆದುಕೊಳ್ಳಲು ಹತ್ತು ನಿಮಿಷ ಸಿಗುತ್ತದೆ. ಹತ್ತು ನಿಮಿಷ ಎಷ್ಟು ದೊಡ್ಡದೆಂದು ನನ್ನಂತೆ ಓಡಿದವರಿಗೇ ಗೊತ್ತು.

ಹೊಟ್ಟೆಯ ನಾಚಿಕೆ ಹೀಗೆ ಕಡಿಮೆಯಾಯಿತು. ಇನ್ನೊಂದು ಕಡಿಮೆಯಾಗಿಲ್ಲ.

ಮಗಳನ್ನು ಬಾಣಂತನಕ್ಕೆ ಕರೆತಂದು ಹದಿನೈದು ದಿನಕ್ಕೆ ಬೀಗರು ನೋಡಲು ಬಂದರು. ಮಗಳ ಕುಶಲ ಕೇಳಿ, ಚಹಾ ಕುಡಿದು, ಯಜಮಾನರು ಎಲೆಯಡಿಕೆ ತರಲು ಎದ್ದುಹೋದಾಗ ದನಿ ತಗ್ಗಿಸಿ ಕೇಳಿದರು.

"ಒಂದ ಕೇಳಬೇಕಾಗಿತ್ರಿ. ಪೂಜಾಕ್ಕ ಕುಂತು ಲಿಂಗ ಅಂಗೈಯಾಗ ಹಿಡೀತೀನಿ. ಮನಸ ನಿಲ್ಲೂದಿಲ್ರಿ. ದನ, ಹೊಲ, ಮೋಟರ, ಎಲ್ಲಾ ಕಡಿ ಹೋಗ್ತೈತಿ. ನೀವು ಶೀಲದಾವರು. ಹೆಂಗ ನಿಲ್ಲಸ್ತೀರಿ?"

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ಮುಂದಕ್ಕೆ ಬಾಗಿ, ಕೈ ಜೋಡಿಸಿದಂತೆ ಮಾಡಿ, ಕಾಯುತ್ತಿದ್ದರು. ಬೀಗತಿಯ 'ಬ್ಯಾಡ' ಕಿವಿಯಲ್ಲಿತ್ತು.

"ನಂದೂ ನಿಲ್ಲೂದಿಲ್ರಿ" ಎಂದೆ. ಅವರೆದುರು ನಾನು ಆಡಿದ ನಿಜ ಅದೊಂದೇ.

ಅವರು ನಕ್ಕರು. "ದೊಡ್ಡಾವರು ಹಂಗ ಅಂತಾರ" ಎಂದು ತೃಪ್ತಿಯಿಂದ ತಲೆಯಾಡಿಸಿದರು.

ಬೀಗರು ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಅದನ್ನು ನೆಚ್ಚಿಕೊಂಡೇ ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ಇದೂ ಮರೆಮಾಚುವುದೇ ಎಂದು ನನಗೆ ಗೊತ್ತು. ಮುಂಜಾನೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ, ಅದೇ ಹೊತ್ತಿಗೆ ಉಮದಿಯಲ್ಲಿ ಅವರೂ ಹಿಡಿದು ಕುಳಿತಿರುತ್ತಾರೆ ಎಂದು ನೆನಪಾಗುತ್ತದೆ. ಅವರ ಪೂಜೆ ನನ್ನದಕ್ಕಿಂತ ಶುದ್ಧವಾಗಿರುತ್ತದೆ. ಕಣ್ಣು ಮುಚ್ಚಲು ನಾಚಿಕೆಯಾಗುತ್ತದೆ, ತೆರೆಯಲೂ ನಾಚಿಕೆಯಾಗುತ್ತದೆ.

ಅವತ್ತು ಬೀಗರನ್ನು ಬಾಗಿಲವರೆಗೆ ಕಳಿಸಿ ಒಳಗೆ ಬಂದೆ. ಒಳಕೋಣೆಯಿಂದ ಮಗಳು, "ಅವ್ವಾ, ಹಸಿವ್ಯಾಗೇತಿ" ಎಂದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ರೊಟ್ಟಿಯ ಕೊಣಮಿಗೆಗೆ ಜೋಳದ ಹಿಟ್ಟು ಸುರುವಿ, ಎಸರು ಹೊಯ್ದು, ನಾದಲು ಕುಳಿತೆ.